ಬಾಯಿ ಕಟ್ಟಿದ ಸೊಸೆ

ನನ್ನ ಷಡ್ಡಕನನ್ನು ಬೀದಿಯವರೆಲ್ಲ ಅಂಟಣ್ಣ ಎಂದು ಕರೆಯುತ್ತಾರೆ. ಪುಸ್ತಕಕ್ಕೆ ರಟ್ಟು ಕಟ್ಟುವ ಕೆಲಸ ಅವನದು. ಬೆನ್ನು ಬಿಟ್ಟ ನಿಘಂಟು, ಹಾಳೆ ಉದುರುವ ಕಾದಂಬರಿ, ನಾಯಿ ಕಚ್ಚಿದ ಪಠ್ಯಪುಸ್ತಕ, ಏನೇ ಕೊಡಿ, ಕೊಟ್ಟವರ ಮೊಮ್ಮಕ್ಕಳ ಕಾಲಕ್ಕೂ ಬರುವ ಹಾಗೆ ಮಾಡಿಕೊಡುತ್ತಾನೆ. ಕೆಳಗೆ ಅಂಗಡಿ, ಮೇಲೆ ಮನೆ, ನಡುವೆ ಕಡಿದಾದ ಮರದ ಮೆಟ್ಟಿಲು. ಆ ಮೆಟ್ಟಿಲಿಗೂ ನನ್ನ ಮೊಣಕಾಲಿಗೂ ಆಗಿಬರುವುದಿಲ್ಲ. ಆದರೂ ದಿನಾ ಬೆಳಿಗ್ಗೆ ಹತ್ತಿ ಹೋಗಿ ಅವನ ಅಡುಗೆಮನೆಯ ಸ್ಟೂಲಿನ ಮೇಲೆ ಕೂರುತ್ತೇನೆ. ನಮ್ಮ ಮನೆಯಲ್ಲಿ ನಾನು ಬಾಯಿ ತೆರೆದರೆ ಹೆಂಡತಿ ರೇಡಿಯೋ ಹಾಕುತ್ತಾಳೆ.

ಅಂಟಣ್ಣನ ಹೆಂಡತಿ, ಅಂದರೆ ನನ್ನ ನಾದಿನಿ, ತೀರಿಕೊಂಡು ಬಹಳ ವರ್ಷವಾಯಿತು. ಈಗ ಮನೆಯಲ್ಲಿರುವುದು ಅವನು, ಬಸ್ ಡಿಪೋದಲ್ಲಿ ಮೆಕ್ಯಾನಿಕ್ ಆಗಿರುವ ಮಗ, ಸೊಸೆ. ಸೊಸೆಗೆ ಕನ್ನಡಕದ ಅಂಗಡಿಯಲ್ಲಿ ಕೆಲಸ. ಗಿರಾಕಿಯ ಮುಖಕ್ಕೆ ಫ್ರೇಮು ಕೂರಿಸಿ, ಕಿವಿಯ ಹಿಂದೆ ಕಡ್ಡಿ ಬಗ್ಗಿಸಿ, ಮೂಗಿನಿಂದ ಜಾರುತ್ತದೆಯೋ ಎಂದು ನೋಡಬೇಕು. ನನ್ನ ಈ ಕನ್ನಡಕ ಕೂರಿಸಿದವಳೂ ಅವಳೇ. "ದೊಡ್ಡಮಾವ, ಸ್ವಲ್ಪ ಹೊತ್ತು ಮಾತು ನಿಲ್ಲಿಸ್ತೀರಾ? ನಿಮ್ಮ ಕೆನ್ನೆ ಒಂದು ಕಡೆ ನಿಂತ್ರೆ ತಾನೇ ನಾನು ಅಳತೆ ತಗೊಳ್ಳೋದು" ಎಂದಿದ್ದಳು. ಅಂಥ ಹುಡುಗಿ. ಒಂದು ಚೇಷ್ಟೆಯ ಮಾತು ಕೊಟ್ಟರೆ ಬಡ್ಡಿ ಸಮೇತ ತಿರುಗಿ ಕೊಡುತ್ತಿದ್ದಳು.

ಅವಳಿಗೆ ತುರಿಕೆ ಶುರುವಾಯಿತು. ಮೊಣಕೈ, ಮೊಣಕಾಲು, ಕತ್ತಿನ ಹಿಂದೆ, ಕೂರುವ ಜಾಗದಲ್ಲೂ. ಸಾಸಿವೆ ಗಾತ್ರದ ನೀರುಗುಳ್ಳೆಗಳು ಗುಂಪುಗುಂಪಾಗಿ ಏಳುತ್ತಿದ್ದವು. ಗುಳ್ಳೆ ಕಾಣಿಸುವ ಮೊದಲೇ ಚರ್ಮದ ಒಳಗೆ ಉರಿ. ತುರಿಸಿದರೆ ರಕ್ತ, ಬಿಟ್ಟರೆ ಹುಚ್ಚು ಹಿಡಿದ ಹಾಗೆ. ಬಾಚಣಿಗೆಯಲ್ಲಿ ತುರಿಸಿಕೊಳ್ಳುತ್ತಿದ್ದಳು, ಬಾಗಿಲ ಚೌಕಟ್ಟಿಗೆ ಮೊಣಕೈ ಉಜ್ಜುತ್ತಿದ್ದಳು. ಮೊದಲು ಕಜ್ಜಿ ಅಂದರು. ಮನೆಮಂದಿಯೆಲ್ಲ ಮುಲಾಮು ಬಳಿದುಕೊಂಡರು, ಹಾಸಿಗೆ ಬಟ್ಟೆ ಕುದಿಸಿದರು. ನನಗೂ ಬಳಿದರು, ಸ್ಟೂಲಿನ ಮೇಲೆ ಕೂತ ತಪ್ಪಿಗೆ. ಅಂಗಡಿಯಲ್ಲಿ ಒಬ್ಬ ಹೆಂಗಸು ಇವಳ ಮೊಣಕೈ ನೋಡಿ ಮುಖ ಹಿಂದಕ್ಕೆ ಎಳೆದುಕೊಂಡಳಂತೆ. ಆಮೇಲೆ ಮಾಲೀಕ ತುಂಬುತೋಳಿನ ಅಂಗಿ ಹಾಕಿಕೊಂಡು ಬರಲು ಹೇಳಿದ.

ಕೊನೆಗೆ ಒಬ್ಬ ಚರ್ಮದ ಡಾಕ್ಟರು ಗುಳ್ಳೆಯ ಪಕ್ಕದ ಚೂರು ಚರ್ಮ ತೆಗೆದು ಪರೀಕ್ಷೆಗೆ ಕಳಿಸಿದರು, ರಕ್ತವನ್ನೂ ಕಳಿಸಿದರು. ಆಗ ಗೊತ್ತಾಯಿತು, ಕಾಯಿಲೆಯ ಮೂಲ ಚರ್ಮದಲ್ಲಿಲ್ಲ, ಕರುಳಿನಲ್ಲಿದೆ ಎಂದು. ಸೀಲಿಯಾಕ್ ಎಂದು ಅದರ ಹೆಸರು. ಅಂದು ಅಂಟಣ್ಣನೂ ಜೊತೆಗೆ ಹೋಗಿದ್ದ.

"ಗೋಧೀಲಿ ಗ್ಲುಟೆನ್ ಅಂತ ಇರುತ್ತೆ. ಹಿಟ್ಟು ಕಲಸಿದ್ರೆ ಜಿಗುಟು ಬರುತ್ತಲ್ಲ, ಅದೇ. ಇವರ ಮೈಗೆ ಅದು ಶತ್ರು. ಒಂದು ಚೂರೂ ಹೋಗಬಾರದು. ಚೂರು ಅಂದ್ರೆ ನಿಜವಾಗ್ಲೂ ಚೂರು" ಎಂದರು ಡಾಕ್ಟರು.

ಜಿಗುಟಿನಲ್ಲೇ ಜೀವಮಾನ ಕಳೆದ ಅಂಟಣ್ಣ ತಲೆಯಾಡಿಸಿಕೊಂಡು ಬಂದ.

ಬಂದವನೇ ಅಡುಗೆಮನೆಗೆ ನುಗ್ಗಿದ. ಗೋಧಿ ಹಿಟ್ಟು, ಬ್ರೆಡ್ಡು, ಬಿಸ್ಕತ್ತು, ನೂಡಲ್ಸು, ಎಲ್ಲ ಹೊರಗೆ. ಡಬ್ಬಗಳನ್ನು ಸೋಪು ಹಾಕಿ ತೊಳೆದ. ಬೆಳಗಿನ ಬ್ರೆಡ್ಡು ಬಿಟ್ಟರೆ ಬದುಕುವುದಿಲ್ಲ ಎನ್ನುತ್ತಿದ್ದವನು ತಾನೂ ಬಿಟ್ಟ, ಮಗನಿಗೂ ಬಿಡಿಸಿದ. "ನನ್ನ ಸೊಸೆ ತಿನ್ನಬಾರದ್ದು ಈ ಹೊಸ್ತಿಲು ದಾಟಬಾರದು" ಎಂದ. ನನ್ನ ಜೇಬಿನ ಬಿಸ್ಕತ್ತನ್ನೂ ಕಿತ್ತುಕೊಂಡು ಕಿಟಕಿಯಿಂದ ಆಚೆ ಎಸೆದ. ಸೊಸೆ ನಗುತ್ತಾ ಕಣ್ಣು ಒರೆಸಿಕೊಂಡಳು.

ತಿಂಗಳುಗಳು ಉರುಳಿದವು. ಗುಳ್ಳೆ ಹೋಗಲಿಲ್ಲ. ಒಂದು ಕಡೆ ಒಣಗಿದರೆ ಇನ್ನೊಂದು ಕಡೆ ಎದ್ದವು. ಚರ್ಮ ಆರಲು ಕಾಲ ಹಿಡಿಯುತ್ತದೆ ಎಂದು ಡಾಕ್ಟರು ಮೊದಲೇ ಹೇಳಿದ್ದರು, ಆದರೆ ಈಗ ಅವರೂ ಹುಬ್ಬು ಗಂಟಿಕ್ಕಿದರು. "ಎಲ್ಲಿಂದಲೋ ಹೋಗ್ತಾ ಇದೆ. ಯೋಚನೆ ಮಾಡಿ" ಎಂದರು. ಅಷ್ಟೇ ಅಂದಿದ್ದು. ಉಳಿದದ್ದನ್ನು ಮನೆಯವರು ತಾವೇ ತುಂಬಿಕೊಂಡರು.

ಅಷ್ಟರಲ್ಲಿ ಅವಳ ಅಮ್ಮನಿಗೆ ಸೊಂಟದ ಆಪರೇಷನ್ ಆಯಿತು. ಸೊಸೆ ರಜೆ ಹಾಕಿ ತವರಿಗೆ ಹೋಗಿ ಕೆಲವು ತಿಂಗಳು ಇದ್ದಳು. ಬರುವಾಗ ಮೊಣಕೈ ಮಗುವಿನದರ ಹಾಗೆ ನುಣ್ಣಗಿತ್ತು. ನಮಗೆಲ್ಲ ತೋಳು ಎತ್ತಿ ಎತ್ತಿ ತೋರಿಸಿದಳು. ಇಲ್ಲಿಗೆ ಬಂದು ಸ್ವಲ್ಪ ದಿನಕ್ಕೇ ಮತ್ತೆ ಗುಳ್ಳೆ.

ಅಲ್ಲಿಗೆ ತೀರ್ಪಾಯಿತು. ಅಮ್ಮನ ಕಣ್ಣೆದುರು ಬಾಯಿ ಕಟ್ಟುತ್ತಾಳೆ, ಇಲ್ಲಿ ಕದ್ದು ತಿನ್ನುತ್ತಾಳೆ. ಕನ್ನಡಕದಂಗಡಿಯ ಪಕ್ಕದಲ್ಲೇ ಬೇಕರಿ ಬೇರೆ ಇದೆ. ಒಂದು ಸಂಜೆ ಅವಳು ಕೈಕಾಲು ತೊಳೆಯಲು ಹೋದಾಗ ಅಂಟಣ್ಣ ಅವಳ ಚೀಲ ಕೊಡವಿ ನೋಡಿದ. ಏನೂ ಸಿಗಲಿಲ್ಲ. ಆದರೆ ಅವಳು ತಿರುಗಿ ಬಂದು ನೋಡಿಬಿಟ್ಟಳು. ನಾನು ಅಲ್ಲೇ ಇದ್ದೆ.

"ಏನು ಹುಡುಕ್ತಾ ಇದೀರಾ ಮಾವ?"

"ನಿನಗೇ ಗೊತ್ತು" ಎಂದ ಅಂಟಣ್ಣ. "ನಿನಗೋಸ್ಕರ ಈ ವಯಸ್ಸಲ್ಲಿ ನಾನು ಬ್ರೆಡ್ ಬಿಟ್ಟೆ ಕಣಮ್ಮ. ನಿನ್ನ ಬಾಯಿ ನಿನ್ನ ಕೈಲಿ ಇಲ್ಲದಿದ್ರೆ ಡಾಕ್ಟರ್ ಏನು ಮಾಡ್ತಾರೆ?"

ಅವಳು ಚೀಲ ತೆಗೆದುಕೊಂಡಳು. ಚೆಲ್ಲಿದ್ದ ಟೇಪು, ಪುಟ್ಟ ಸ್ಕ್ರೂಡ್ರೈವರು, ಮೂಗಿನ ಮೇಲೆ ಕೂರುವ ರಬ್ಬರಿನ ತುಂಡುಗಳು, ಎಲ್ಲ ಒಂದೊಂದೇ ಆರಿಸಿ ಒಳಗೆ ಹಾಕಿಕೊಂಡಳು. ಗಂಡನ ಮುಖ ನೋಡಿದಳು. ಅವನು ಗ್ರೀಸು ಹಿಡಿದ ಉಗುರು ಕೆರೆಯುತ್ತಾ ಕೂತಿದ್ದ. ಅಂದಿನಿಂದ ಅವಳು ನನಗೆ ತಿರುಗಿ ಕೊಡುವುದನ್ನು ನಿಲ್ಲಿಸಿದಳು. ಏನು ಚೇಷ್ಟೆ ಮಾಡಿದರೂ "ಹೂಂ ದೊಡ್ಡಮಾವ" ಅಷ್ಟೇ. ಅವಳ ಅಮ್ಮ ಮಾತ್ರ ಫೋನಿನಲ್ಲಿ, ಕಳ್ಳಿ ಅನ್ನಿಸಿಕೊಂಡು ಯಾಕೆ ಇರುತ್ತೀಯ, ಬಂದುಬಿಡು, ಎನ್ನುತ್ತಿದ್ದರಂತೆ.

ಈಗ ಅಂಟಣ್ಣನ ಅಂಟಿನ ವಿಷಯ ಹೇಳಬೇಕು. ಅವನು ಡಬ್ಬದ ಗೋಂದು ಮುಟ್ಟುವವನಲ್ಲ. ಮೈದಾವನ್ನು ತಣ್ಣೀರಿನಲ್ಲಿ ಕದಡಿ, ಒಲೆಯ ಮೇಲೆ ಕುದಿಯುವ ನೀರಿಗೆ ಸುರಿದು ಮರದ ಸೌಟಿನಲ್ಲಿ ತಿರುವುತ್ತಾ ಕಾಯಿಸಬೇಕು. ಬಿಸಿ ಇರುವಾಗಲೇ ಸೋಸಬೇಕು. ಒಂದು ಗಂಟು ಉಳಿದರೂ ರಟ್ಟಿನ ಮೇಲೆ ಮೊಡವೆ ಹಾಗೆ ಎದ್ದು ಕಾಣುತ್ತದೆ. ಅಂಗಡಿಯಲ್ಲಿ ಕಾಗದದ ರಾಶಿ, ಒಲೆ ಹಚ್ಚುವ ಹಾಗಿಲ್ಲ. ಹಾಗಾಗಿ ಸೊಸೆ, ಮಗ ಕೆಲಸಕ್ಕೆ ಹೋದ ಮೇಲೆ ಮಹಡಿಯ ಅಡುಗೆಮನೆಯಲ್ಲೇ ಕಾಯಿಸುತ್ತಿದ್ದ. ಅದಕ್ಕೇ ಬೇರೆ ಪಾತ್ರೆ, ಬೇರೆ ಸೌಟು. ಹುಳು ಹಿಡಿಯದಿರಲಿ ಎಂದು ಅಂಟಿಗೆ ಮೈಲುತುತ್ತ ಹಾಕುತ್ತಾರೆ. ಅದನ್ನು ಮಾತ್ರ ಕೆಳಗೆ ಒಯ್ದ ಮೇಲೇ ಹಾಕುತ್ತಿದ್ದ. "ವಿಷ ಭಾವ, ಅದು ಅಡುಗೆಮನೆ ಮೆಟ್ಟಿಲು ಹತ್ತಬಾರದು" ಎನ್ನುತ್ತಿದ್ದ. ಅಷ್ಟು ಎಚ್ಚರ.

ಒಂದು ಬೆಳಿಗ್ಗೆ ಅವನು ನನಗೆ ಟೀ ಕೊಟ್ಟು, ಅಂಟಿಗೆ ನೀರಿಟ್ಟಿದ್ದ. ಮೊದಲ ಗುಟುಕಿಗೇ ನನ್ನ ತುಟಿಗೆ ಮೆತ್ತಗೆ ಏನೋ ಸಿಕ್ಕಿತು. ತೆಗೆದು ನೋಡಿದೆ. ಬಿಳಿ ಗಂಟು.

"ಏನಯ್ಯಾ ಇದು, ಟೀಗೂ ಅಂಟು ಹಾಕ್ತೀಯಾ? ನನ್ನ ಬಾಯಿ ಮುಚ್ಚಿಸೋಕೆ ನಿನಗೆ ಬೇರೆ ದಾರಿ ಸಿಗಲಿಲ್ವಾ?"

ಅವನು ನಗಲಿಲ್ಲ. ಗೂಟಕ್ಕೆ ನೇತುಹಾಕಿದ್ದ ಟೀ ಸೋಸುವ ಜಾಲರಿಯನ್ನು ತೆಗೆದು ಕಿಟಕಿಯ ಬೆಳಕಿಗೆ ಹಿಡಿದ. ಅಂಟಿನ ಜಾಲರಿ ಯಾವಾಗಲೋ ಹರಿದುಹೋಗಿತ್ತು. ಸದ್ಯಕ್ಕೆ ಇರಲಿ ಎಂದು ಟೀ ಜಾಲರಿಯಲ್ಲೇ ಸೋಸಿ, ತೊಳೆದು, ಮತ್ತೆ ಗೂಟಕ್ಕೆ ಹಾಕುತ್ತಾ ಬಂದಿದ್ದ. ಸದ್ಯ ಅಂದದ್ದು ಅಭ್ಯಾಸವಾಗಿಬಿಟ್ಟಿತ್ತು. ಅಂಚಿನ ಮಡಿಕೆಯಲ್ಲಿ ಸುತ್ತಲೂ ಒಣಗಿದ ಅಂಟು ಕೂತಿತ್ತು, ಹಲ್ಲಿನ ಸಂದಿಯ ಪಾಚಿಯ ಹಾಗೆ. ಅದೇ ಜಾಲರಿಯಲ್ಲಿ ಸೊಸೆ ಬೆಳಿಗ್ಗೆ ಸಂಜೆ ಟೀ ಸೋಸಿಕೊಂಡು ಕುಡಿಯುತ್ತಿದ್ದಳು.

"ಭಾವ, ಮೈದಾ ಅಂದ್ರೆ ಗೋಧಿ ಅಲ್ವಾ" ಎಂದ ಮೆಲ್ಲಗೆ, ನಾನೇನೋ ಅಲ್ಲ ಎಂದುಬಿಡಬಹುದು ಎನ್ನುವ ಹಾಗೆ.

ಮನೆಯ ಡಬ್ಬಗಳನ್ನೆಲ್ಲ ತೊಳೆದವನು ಕೆಳಗಿನ ಮೈದಾ ಚೀಲವನ್ನು ದಿನಾ ಮುಟ್ಟುತ್ತಿದ್ದ. ಅದು ಅವನಿಗೆ ಯಾವತ್ತೂ ತಿನ್ನುವ ವಸ್ತುವಾಗಿರಲಿಲ್ಲ. ಕತ್ತರಿ, ದಾರ, ರಟ್ಟಿನ ಹಾಗೆ ಅದೂ ಕೆಲಸದ ಸಾಮಾನು. ನಾನಾದರೂ ದಿನಾ ಅಲ್ಲೇ ಕೂತು ನೋಡುತ್ತಿದ್ದವನು. ಬಾಯಿಗೆ ಕೆಲಸ ಕೊಟ್ಟವನಿಗೆ ಕಣ್ಣು ಎಲ್ಲಿರುತ್ತದೆ?

ಒಲೆಯ ಮೇಲೆ ನೀರು ಕುದಿದು ಕುದಿದು ಅರ್ಧವಾಯಿತು. ಆಮೇಲೆ ಅವನು ನನ್ನ ಕೈ ಹಿಡಿದುಕೊಂಡ. "ಹೊಸ ಜಾಲರಿ ತರ್ತೀನಿ. ಅಂಟನ್ನ ಹಿತ್ತಲಲ್ಲಿ ಕಾಯಿಸ್ತೀನಿ. ಅವಳಿಗೆ ವಾಸಿ ಆಗೋದು ಮುಖ್ಯ ತಾನೇ. ಯಾರಿಗೂ ಹೇಳಬೇಡಿ ಭಾವ."

"ಅವಳಿಗೆ ಹೇಳ್ಬೇಕಲ್ಲಯ್ಯಾ."

"ಹೇಳ್ತೀನಿ. ಮೈ ಆರಲಿ, ನಗುನಗ್ತಾ ಇರೋವಾಗ ಹೇಳ್ತೀನಿ. ಈಗ ಹೇಳಿದ್ರೆ ನಾಳೆನೇ ಹೊರಟು ಹೋಗ್ತಾಳೆ."

ನಾನು ಒಪ್ಪಿದೆ. ಅವನಿಗಾಗಿ ಒಪ್ಪಿದೆ ಎಂದು ಹೇಳಿಕೊಳ್ಳಬಹುದು. ಆದರೆ ಆ ಮನೆ ಮುರಿದರೆ ನನ್ನ ಸ್ಟೂಲೂ ಹೋಗುತ್ತದೆ ಎಂಬ ಲೆಕ್ಕ ನನ್ನ ತಲೆಯಲ್ಲಿ ಇರಲಿಲ್ಲ ಎಂದರೆ ಸುಳ್ಳು.

ಹೊಸ ಜಾಲರಿ ಬಂತು. ಗೂಟಕ್ಕೆ ಹೊಸದು ಯಾಕೆ ಬಂತು ಎಂದು ಯಾರೂ ಕೇಳಲಿಲ್ಲ. ವಾರಗಳು ಕಳೆದ ಹಾಗೆ ಗುಳ್ಳೆ ಕಡಿಮೆಯಾದವು. ಸೊಸೆ ಬಾಗಿಲಿಗೆ ಮೊಣಕೈ ಉಜ್ಜುವುದು ನಿಂತಿತು. ಅಂಟಣ್ಣನೂ ನಾನೂ ಯೋಚಿಸದ ವಿಷಯವೊಂದಿತ್ತು. ಅವಳ ಮೈ ವಾಸಿಯಾದಷ್ಟೂ ಅವಳ ಮೇಲಿನ ಮಾತು ಗಟ್ಟಿಯಾಗುತ್ತಾ ಹೋಯಿತು. ಚೀಲ ಕೊಡವಿದ ಮೇಲೆ ವಾಸಿಯಾಯಿತು ಅಂದರೆ ಅರ್ಥವೇನು? ಪಕ್ಕದ ಮನೆಯಾಕೆ ಮೆಟ್ಟಿಲ ಮೇಲೆ ನಿಂತು, "ಅಂತೂ ಬಾಯಿ ಕಟ್ಟಿದ್ಯಲ್ಲ, ಒಳ್ಳೇದಾಯ್ತು ಬಿಡು" ಎಂದಳು. ನನ್ನ ಹೆಂಡತಿ ಕೂಡ, "ಹಿರಿಯರು ಗದರಿದ್ದಕ್ಕೆ ದಾರಿಗೆ ಬಂತು ನೋಡಿ ಹುಡುಗಿ" ಎಂದಳು. ನಾನೇ ಎದ್ದು ಹೋಗಿ ರೇಡಿಯೋ ಹಾಕಿದೆ.

ಒಂದು ರಜೆಯ ದಿನ ಮಧ್ಯಾಹ್ನ ಊಟಕ್ಕೆ ನಾನೂ ಇದ್ದೆ. ಅವಳು ಅರ್ಧ ತೋಳಿನ ಅಂಗಿ ಹಾಕಿದ್ದಳು, ಎಷ್ಟೋ ಕಾಲದ ಮೇಲೆ. ಅವಳ ಗಂಡ ಖುಷಿಯಾಗಿದ್ದ.

"ನೋಡಿ ದೊಡ್ಡಪ್ಪ, ಮನಸ್ಸು ಮಾಡಿದ್ರೆ ಆಗುತ್ತೆ. ಇದನ್ನೇ ಮೊದಲೇ ಮಾಡಿದ್ರೆ ಇಷ್ಟು ಒದ್ದಾಟ ಇರ್ತಿತ್ತಾ?"

ಅವಳು ಬಡಿಸುತ್ತಿದ್ದವಳು ಸೌಟನ್ನು ಪಾತ್ರೆಯಲ್ಲಿ ಬಿಟ್ಟಳು. ಸಿಟ್ಟು ಬರುತ್ತದೆ ಎಂದುಕೊಂಡೆ. ಬರಲಿ ಎಂದು ಕಾದೆ. ಅವಳು ಮಾವನ ಕಡೆ ತಿರುಗಿದಳು.

"ನಾನು ತಿಂದಿದ್ದು ನೆನಪಿಲ್ಲ ಮಾವ. ಎಷ್ಟು ಯೋಚನೆ ಮಾಡಿದ್ರೂ ನೆನಪಿಗೆ ಬರಲ್ಲ. ಆದ್ರೆ ಎಲ್ಲೋ ತಿಂದೇ ಇರ್ಬೇಕು, ಗೊತ್ತಿಲ್ದೆ. ನೀವು ಹೇಳಿದ್ದೇ ಸರಿ. ಅವತ್ತಿಂದ ನಿಮ್ಮ ಹತ್ರ ಮುಖ ಕೊಟ್ಟು ಮಾತಾಡಲಿಲ್ಲ, ತಪ್ಪಾಯ್ತು."

ಅಂಟಣ್ಣ ತುತ್ತನ್ನು ತಟ್ಟೆಗೆ ಇಟ್ಟ. ಎಂಜಲು ಕೈಯಲ್ಲೇ ಎದ್ದು ಮೆಟ್ಟಿಲು ಇಳಿದ. ಕೆಳಗೆ ಡ್ರಾಯರು ಎಳೆದ ಸದ್ದು ಕೇಳಿತು. ಹತ್ತಿ ಬಂದು ಹಳೆಯ ಜಾಲರಿಯನ್ನು ಮೇಜಿನ ಮೇಲೆ, ಅವಳ ತಟ್ಟೆಯ ಪಕ್ಕದಲ್ಲಿಟ್ಟ. ಎಸೆದಿರಲಿಲ್ಲ ಅವನು.

"ನೀನು ಏನೂ ತಿಂದಿಲ್ಲ ಕಣಮ್ಮ. ತಿನ್ನಿಸಿದ್ದು ನಾನು" ಎಂದ. ಮೈದಾ, ಸೋಸುವುದು, ಗೂಟ, ಎಲ್ಲ ಹೇಳಿದ. ಹೇಳುವಾಗ ಧ್ವನಿ ಏರಲೂ ಇಲ್ಲ, ಒಡೆಯಲೂ ಇಲ್ಲ.

ಅವಳು ಜಾಲರಿ ಎತ್ತಿ ಅಂಚಿನ ಮಡಿಕೆಯಲ್ಲಿ ಉಗುರು ಓಡಿಸಿದಳು. ಬಿಳಿ ಹೊಟ್ಟು ಉದುರಿತು. ಅವಳಿಗೆ ಸಮಾಧಾನವಾಗುತ್ತದೆ ಎಂದುಕೊಂಡೆ ನಾನು. ಆಯಿತು ಕೂಡ, ಒಂದು ಕ್ಷಣ. ಭುಜ ಕೆಳಗಿಳಿಯಿತು. ಆಮೇಲೆ ಕೇಳಿದಳು, "ಯಾವಾಗ ಗೊತ್ತಾಯ್ತು ಮಾವ ನಿಮಗೆ?"

ಅವನು ಗೂಟದ ಕಡೆ ನೋಡಿದ.

"ಗೂಟಕ್ಕೆ ಹೊಸ ಜಾಲರಿ ಬಂತಲ್ಲ, ಆಗ" ಎಂದು ಅವಳೇ ಹೇಳಿದಳು. "ಅಂದ್ರೆ ಪಕ್ಕದ ಮನೆಯವರು ಹಾಗಂದಾಗ ನಿಮಗೆ ಗೊತ್ತಿತ್ತು. ಇವರು ಈಗ ಅಂದಾಗಲೂ ಗೊತ್ತಿತ್ತು."

"ಗೊತ್ತಿತ್ತು."

"ಜಾಲರಿ ಹೋಗ್ಲಿ ಬಿಡಿ ಮಾವ. ಅದು ಗೊತ್ತಿಲ್ದೆ ಆಗಿದ್ದು." ಅವಳು ನನ್ನ ಕಡೆ ತಿರುಗಿದಳು. "ನಿಮಗೂ ಗೊತ್ತಿತ್ತಾ ದೊಡ್ಡಮಾವ?"

ಹುಟ್ಟಿದಾಗಿನಿಂದ ಬಾಯಿ ಮುಚ್ಚದವನು ನಾನು. ಡಿಪೋದ ಗಲಾಟೆ, ಪಕ್ಕದ ಮನೆಯ ಜಗಳ, ನನ್ನ ಮೂಲವ್ಯಾಧಿ, ಯಾವುದನ್ನೂ ಹೊಟ್ಟೆಯಲ್ಲಿ ಇಟ್ಟುಕೊಂಡವನಲ್ಲ. ಇಟ್ಟುಕೊಂಡದ್ದು ಇದೊಂದೇ. ಹೂಂ ಎಂದೆ.

ಅವಳ ಗಂಡ ಎದ್ದು ಅವಳ ತೋಳು ಹಿಡಿಯಲು ಬಂದ. "ಆಮೇಲೆ" ಎಂದಳು ಅವನಿಗೆ. ಫೋನು ತೆಗೆದು ಅಮ್ಮನ ನಂಬರು ಒತ್ತಿ ಮೇಜಿನ ಮೇಲಿಟ್ಟಳು, ಎಲ್ಲರಿಗೂ ಕೇಳುವ ಹಾಗೆ. "ನಮ್ಮಮ್ಮನಿಗೆ ನೀವೇ ಹೇಳಿ ಮಾವ. ಆಮೇಲೆ ಪಕ್ಕದ ಮನೆಗೆ ಹೋಗಿ ಹೇಳಿ. ನಾನು ಹೇಳಿದ್ರೆ ಯಾರೂ ನಂಬಲ್ಲ."

ಅಂಟಣ್ಣ ಹೇಳಿದ. ಎಲ್ಲ ಕೇಳಿ ಆಕೆ, "ನನ್ನ ಮಗಳು ಊಟ ಮಾಡಿದ್ಲಾ?" ಎಂದಷ್ಟೇ ಕೇಳಿದರು. ಅಂಟಣ್ಣ ಮೇಜಿನ ಕಡೆ ನೋಡಿದ. ಅವಳ ತಟ್ಟೆ ಖಾಲಿ ಇತ್ತು, ಇನ್ನೂ ಬಡಿಸಿಕೊಂಡಿರಲಿಲ್ಲ. "ಇಲ್ಲಮ್ಮ" ಎಂದ.

ಅವಳು ಹೊರಟುಹೋಗಲಿಲ್ಲ. ಕ್ಷಮಿಸಿದೆ ಎಂದೂ ಹೇಳಲಿಲ್ಲ. ನಾನು ಈಗಲೂ ಬೆಳಿಗ್ಗೆ ಹೋಗುತ್ತೇನೆ, ಆದರೆ ಅವಳು ಕೆಲಸಕ್ಕೆ ಹೊರಡುವ ಮೊದಲೇ. ಟೀ ಅವಳೇ ಮಾಡುತ್ತಾಳೆ. ಸೋಸುವ ಮೊದಲು ಜಾಲರಿಯನ್ನು ಕಿಟಕಿಗೆ ಹಿಡಿದು ಅಂಚನ್ನು ಒಂದು ಸುತ್ತು ತಿರುಗಿಸಿ ನೋಡುತ್ತಾಳೆ. ಆ ಹೊತ್ತಿನಲ್ಲಿ ಅಂಟಣ್ಣ ಮೆಟ್ಟಿಲು ಇಳಿದುಬಿಡುತ್ತಾನೆ. ನಾನು ಸ್ಟೂಲಿನ ಮೇಲೆ ಕೂತು ನನ್ನ ಕಾಲಬೆರಳು ನೋಡುತ್ತಿರುತ್ತೇನೆ. ಮೊನ್ನೆ ಲೋಟ ಕೈಗೆ ಕೊಡುತ್ತಾ, "ಏನು ದೊಡ್ಡಮಾವ, ಮಾತೇ ಇಲ್ಲ" ಎಂದಳು. ಚೇಷ್ಟೆಯೋ ಚುಚ್ಚುವುದೋ ತಿಳಿಯಲಿಲ್ಲ. ಕನ್ನಡಕ ಜಾರಿತ್ತು. ಅವಳು ಬಗ್ಗಿ ಅದನ್ನು ಮೂಗಿನ ಮೇಲೆ ಸರಿಮಾಡಿ, ಚೀಲ ಹೆಗಲಿಗೆ ಹಾಕಿಕೊಂಡು ಕೆಲಸಕ್ಕೆ ಹೋದಳು.