ಎರಡು ಕಾಲೇಜು, ಒಂದು ಪಿಟೀಲು

ಮಗಳು ಪಿಟೀಲು ಕಲಿಯಲು ಯಾವ ಕಾಲೇಜು ಸೇರಬೇಕೆಂಬುದನ್ನು ನನ್ನ ಗಂಡ ಮೊದಲನೆಯ ಕಾಲೇಜಿನ ಪಾರ್ಕಿಂಗ್ ಜಾಗದಲ್ಲೇ ತೀರ್ಮಾನಿಸಿಬಿಟ್ಟರು. ಕಾರಿಗೆ ಅಷ್ಟು ನೆರಳು ಕೊಡುವವರು ಸಂಗೀತವನ್ನೂ ಚೆನ್ನಾಗಿಯೇ ಕಲಿಸುತ್ತಾರಂತೆ. ಒಳಗೆ ಗಾಜಿನ ಲಿಫ್ಟು, ಮೆತ್ತನೆಯ ಸೋಫಾ. ಪ್ರವೇಶಕ್ಕೆಂದು ಮಗಳು ನುಡಿಸುತ್ತಿದ್ದಾಗ ಬಾಗಿಲ ಹೊರಗೆ ಕೂತಿದ್ದ ನನಗೆ ಎರಡನೆಯ ಸಾಲಿನಲ್ಲೇ ಅಪಸ್ವರ ಕೇಳಿಸಿತು. ನಮ್ಮ ಮನೆಯ ಗೋಡೆಗಳಿಗೂ ಬಾಯಿಪಾಠವಾಗಿದ್ದ ಸಾಲು ಅದು. ಪ್ರೊಫೆಸರರು ಮಾತ್ರ "ಅದ್ಭುತ" ಎಂದರು. ದೊಡ್ಡವರ ಕಿವಿಗೂ ಮನಸ್ಸು ದೊಡ್ಡದೇ ಇರುತ್ತದೆ.

ಎರಡನೆಯ ಕಾಲೇಜಿನಲ್ಲಿ ಕೂರಲು ಸಿಕ್ಕಿದ್ದು ಅಲುಗಾಡುವ ಬೆಂಚು. ಅಲ್ಲೂ ಅದೇ ಸಾಲು, ಅದೇ ಅಪಸ್ವರ.

"ನಿಲ್ಸು," ಎಂದರು ಅಲ್ಲಿನ ಮೇಡಂ. ಆಮೇಲೆ ಅದೊಂದೇ ಸಾಲನ್ನು ಮಗಳ ಕೈಲಿ ಎಷ್ಟು ಸಲ ನುಡಿಸಿದರೆಂದರೆ ನನ್ನ ಗಂಡನಿಗೆ ಬೆಂಚಿನ ಮೇಲೂ ಸುಖನಿದ್ದೆ ಬಂತು.

ಮಗಳು ಕೆಂಪಗಾದ ಮುಖ ಹೊತ್ತು ಹೊರಬಂದಳು.

"ಹೋಗ್ಲಿ ಬಿಡು ಪುಟ್ಟಿ, ಆ ಇನ್ನೊಂದು ಕಾಲೇಜಿದೆಯಲ್ಲ," ಎಂದು ಬೆನ್ನು ಸವರಿದೆ.

"ಅಮ್ಮ, ಎರಡೂ ಕಡೆ ನಾನು ಬೇಕಂತಲೇ ತಪ್ಪು ನುಡಿಸಿದ್ದು. ಯಾರು ಹಿಡೀತಾರೆ ನೋಡೋಣ ಅಂತ."

"ಹಿಡಿದ್ರಲ್ಲ, ಮತ್ತೆ ಅಷ್ಟು ಹೊತ್ತು ಏನೇ ಮಾಡಿದ್ರಿ?"

"ನಾನು ಬೇಕಂತ ಮಾಡದೆ ಇರೋ ತಪ್ಪುಗಳೂ ಸಿಕ್ಕಿದ್ವು. ನಾನು ಇಲ್ಲೇ ಸೇರ್ತೀನಿ."

"ಅವರು ಸೇರಿಸ್ಕೋಬೇಕಲ್ಲ?"

"ಬಾ ಅಂದ್ರು. ಪಿಟೀಲು ಹಿಡಿಯೋದ್ರಿಂದಲೇ ಶುರು ಮಾಡ್ಬೇಕಂತೆ."

ಬೈಸಿಕೊಂಡು ಇಷ್ಟು ಹಿಗ್ಗಿದವರನ್ನು ನಾನು ಕಂಡಿರಲಿಲ್ಲ. ಗಂಡನನ್ನು ಎಬ್ಬಿಸಿದೆ.