ತಾಯಿ ಕೊಟ್ಟ ಬ್ಯಾಟರಿ

"ಗಂಡಸರಿಂದ ಮಕ್ಕಳಿಗೆ ಹೋಗಲ್ಲ," ಎಂದರು ಡಾಕ್ಟರು. "ಈ ಕಾಯಿಲೆ ದಾಟೋದು ತಾಯಿಯಿಂದ ಮಾತ್ರ."

ಕುರ್ಚಿಯಲ್ಲಿದ್ದ ಮಾವ ದನಿ ಬಂದ ಕಡೆಗೆ ಕಿವಿ ತಿರುಗಿಸಿದ. ಗಡಿಯಾರ ರಿಪೇರಿ ಮಾಡುತ್ತಿದ್ದವನಿಗೆ ಇಪ್ಪತ್ತಾರಕ್ಕೇ ಕಣ್ಣು ಹೋಗಿತ್ತು. ಗೊತ್ತಾಗಿದ್ದ ಮದುವೆಯನ್ನು ತಾನೇ ಮುರಿದಿದ್ದ. "ಈ ಕತ್ತಲೆ ನನಗೇ ಮುಗೀಲಿ, ಮಕ್ಕಳಿಗೆ ಬೇಡ" ಅಂದಿದ್ದ. ಮೂವತ್ತು ವರ್ಷದಿಂದ ನೆಂಟರೆಲ್ಲ ಆ ತ್ಯಾಗಕ್ಕೆ ದೂರದಿಂದಲೇ ಕೈಮುಗಿದಿದ್ದರು. ಅನ್ನ ಮಾತ್ರ ಅವನೇ ಬೇಯಿಸಿಕೊಳ್ಳುತ್ತಿದ್ದ.

ಈಗ ಪಕ್ಕದಲ್ಲಿ ಕೂತಿದ್ದ ಅಕ್ಕನ ಮಗನ ಸರದಿ. ಅವನು ಅಂಗಡಿಗಳ ಬೋರ್ಡು ಬರೆಯುವವನು. ಹೋದ ತಿಂಗಳು ಒಂದು ಬೋರ್ಡಿನ ನಡುವಿನ ಅಕ್ಷರಗಳನ್ನು ಒಂದರ ಮೇಲೊಂದು ಬರೆದುಬಿಟ್ಟಿದ್ದ. ನೇರ ನೋಡಿದರೆ ನಡುವೆ ಬರೀ ಬೂದಿಬಣ್ಣ. ಅವನಿಗೂ ಮದುವೆ ಗೊತ್ತಾಗಿತ್ತು. ಬೇಡವೆಂದು ಹುಡುಗಿಗೆ ಸೊಟ್ಟ ಅಕ್ಷರದಲ್ಲಿ ಬರೆದ ಕಾಗದ ಜೇಬಿನಲ್ಲಿತ್ತು; ಮಾವನಿಗೊಬ್ಬನಿಗೇ ಹೇಳಿದ್ದ. ಮನೆಯಲ್ಲಿ ಮೇಲ್ಪಂಕ್ತಿ ಇತ್ತಲ್ಲ.

"ಅಂದ್ರೆ ನನ್ನಿಂದಾನಾ?" ಎಂದಳು ಅಕ್ಕ. "ನನ್ನ ಕಣ್ಣು ನೆಟ್ಟಗಿದೆಯಲ್ಲ ಡಾಕ್ಟ್ರೇ!"

"ಒಳಗಿದ್ರೂ ಎಲ್ಲರಲ್ಲೂ ಹೊರಗೆ ಕಾಣಿಸ್ಕೊಳ್ಳಲ್ಲಮ್ಮ. ಜೀವಕೋಶದೊಳಗೆ ಶಕ್ತಿ ಕೊಡೋಕೆ ಪುಟ್ಟ ಬ್ಯಾಟರಿಗಳ ಥರ ಇರ್ತವೆ. ಅವನ್ನ ಮಗುವಿಗೆ ಕೊಡೋದು ತಾಯಿ ಒಬ್ಬಳೇ. ದೋಷ ಇರೋದು ಅಲ್ಲಿ."

"ನೋಡಕ್ಕ, ಕೀಲಿ ಗಡಿಯಾರ ನಂಬ್ಕೊಂಡೋನಿಗೆ ಬ್ಯಾಟರಿ ಕೈಕೊಡ್ತು," ಎಂದ ಮಾವ.

ಅಕ್ಕ ಸೆರಗು ಬಾಯಿಗೊತ್ತಿಕೊಂಡಳು. "ಕೈಯಾರೆ ಮಗನ ಕಣ್ಣು ಕಿತ್ತಂಗಾಯ್ತಲ್ಲೋ."

"ನನಗೂ ಅಮ್ಮಾನೇ ಕೊಟ್ಟಿದ್ದು. ಅವಳನ್ನ ಬೈಲಾ? ಈ ಕಿವೀನೂ ಅವಳದೇ. ಇವತ್ತಿಗೂ ಗಡಿಯಾರ ಕೆಟ್ಟಿದ್ರೆ ಕಿವಿಯಲ್ಲೇ ಕಂಡುಹಿಡೀತೀನಿ." ಆಮೇಲೆ ಡಾಕ್ಟರ ಕಡೆ ತಿರುಗಿದ. "ಇನ್ನೊಂದ್ಸಲ ಹೇಳಿ. ನನಗೆ ಮಕ್ಕಳಾಗಿದ್ರೆ?"

"ನಿಮ್ಮಿಂದ ಅವರಿಗೆ ಬರ್ತಿರಲಿಲ್ಲ."

ಮಾವನ ಬೆರಳು ಮೇಜಿನ ಅಂಚನ್ನು ಈ ತುದಿಯಿಂದ ಆ ತುದಿಗೆ ಸವರಿತು, ಮತ್ತೆ ವಾಪಸು ಬಂತು.

"ಆ ಕಾಗದ ಕೊಡೋ."

ಅಳಿಯ ಕೊಟ್ಟ. ಮಾವ ಅದನ್ನು ಮಡಿಚಿ ತನ್ನ ಜೇಬಿಗಿಟ್ಟುಕೊಂಡ.

"ಹುಡುಗಿಗೆ ಫೋನ್ ಮಾಡು. ಕಣ್ಣಿನ ವಿಷಯ ಒಂದೂ ಮುಚ್ಚಿಡಬೇಡ. ಬೇಡ ಅನ್ನೋದಾದ್ರೆ ಅವಳು ಅನ್ಲಿ."

"ನೀನು ಮಾತ್ರ ನೀನೇ ಬೇಡ ಅಂದೆಯಲ್ಲ ಮಾವ..."

"ನಾನು ನನ್ನವಳನ್ನ ಕೇಳಲೇ ಇಲ್ಲ ಕಣೋ."

ಅಳಿಯ ಗೋಡೆ ಹಿಡಿದುಕೊಂಡು ವರಾಂಡಕ್ಕೆ ಹೋದ. ಮಾವ ಮಣಿಕಟ್ಟಿನ ಹಳೇ ಗಡಿಯಾರ ಬಿಚ್ಚಿ ಕೀಲಿ ಕೊಡತೊಡಗಿದ. ಹೊರಗಿನಿಂದ "ಹಲೋ" ಎಂಬುದು ಕೇಳಿಸಿತು. ಕೀಲಿ ತಿರುವುತ್ತಿದ್ದ ಮಾವನ ಬೆರಳು ನಿಂತಿತು.