ಓದುವ ಕೋಣೆಯ ಗಂಟೆ

"ಹೆಣಾನೂ ನಿನಗಿಂತ ಬೇಗ ಹತ್ತುತ್ತೆ ಕಣೇ! ಇಪ್ಪತ್ತಾರು ಮೆಟ್ಲಿಗೆ ಇಷ್ಟೊತ್ತಾ?"

ಮೇಲ್ವಿಚಾರಕ ಬಾಗಿಲಿಗೆ ಅಡ್ಡಲಾಗಿ ನಿಂತಿದ್ದ. ಗಂಟೆಯಮ್ಮ ಅವನ ಪಕ್ಕದಿಂದ ನುಸುಳಿ ಓದುವ ಕೋಣೆಗೆ ಬಂದಳು. ಕೈಕಟ್ಟಿ, ತಲೆ ತಗ್ಗಿಸಿ, "ಏನಪ್ಪಣೆ, ಧಣಿ?" ಎಂದಳು.

ಟಿಕೆಟ್ ಕೊಂಡು ಬಂದವರು ಗೊಳ್ಳೆಂದು ನಕ್ಕರು. ಗಂಟೆಯ ಹಗ್ಗ ಎಳೆದಿದ್ದವನು ಮೊಬೈಲ್ ನೋಡಿ, "ಮೂವತ್ತೊಂದು ಸೆಕೆಂಡು! ಹೋದ್ವರ್ಷ ಇಪ್ಪತ್ತರೊಳಗೆ ಬಂದಿದ್ಲಪ್ಪ" ಎಂದು ಮುಖ ಸಿಂಡರಿಸಿದ.

ದೇಶ ಆಳಿದ ಹಿರಿಯರೊಬ್ಬರು ಬೇಸಿಗೆ ಕಳೆಯುತ್ತಿದ್ದ ಬಂಗಲೆ ಅದು. ಈಗ ಅವರ ಕನ್ನಡಕ, ಹಾಸಿಗೆ, ಊರುಗೋಲು ಎಲ್ಲವೂ ನೋಡಲಿಕ್ಕಿವೆ. ಕುರ್ಚಿಯ ಪಕ್ಕ ತೂಗುವ ಕೆಂಪು ಹಗ್ಗ ಮಾತ್ರ ಮುಟ್ಟಲಿಕ್ಕೆ. ಎಳೆದರೆ ಗೋಡೆಯೊಳಗಿನ ತಂತಿ ಜಗ್ಗಿ ಕೆಳಗೆ ಅಡುಗೆಮನೆಯಲ್ಲಿ ಗಂಟೆ ಬಾರಿಸುತ್ತದೆ. ಹಳೆಯ ಕಾಲದ ಆಳಿನ ಉಡುಪು ತೊಟ್ಟವಳು ಓಡಿಬರಬೇಕು. ಅವಳ ತಾಯಿ ಹಿರಿಯರಿಗಾಗಿ ಓಡಿದ್ದಳು. ಇವಳು ಟಿಕೆಟ್ಟಿನವರಿಗಾಗಿ ಓಡುತ್ತಾಳೆ, ದಿನಕ್ಕೆ ಅರವತ್ತು ಸಲ.

ಜನ ಹೊರಟ ಮೇಲೆ ಮೇಲ್ವಿಚಾರಕ ಹೇಳಿದ: "ನಿನ್ನ ಮಂಡಿ ಕಥೆ ಮುಗೀತು. ನಾಳೆಯಿಂದ ನಿನ್ನ ಮಗಳು. ಈಗ್ಲೇ ಬಟ್ಟೆ ಹಾಕ್ಸಿ ಕೆಳಗೆ ಕೂರ್ಸಿದೀನಿ."

ಅವಳು ಕೈಮುಗಿದಳು. "ಅವಳು ಬೇಡ ಸಾರ್. ತೆವಳ್ಕೊಂಡಾದ್ರೂ ನಾನೇ ಬರ್ತೀನಿ."

"ಇರಕ್ಕೆ ಹಿತ್ತಲ ಕೋಣೆ ಬೇಕು, ಓಡಕ್ಕೆ ಆಗಲ್ಲ? ಬೀದೀಲಿ ಬಿದ್ಕೋತೀರೇನೇ ತಾಯಿ-ಮಗಳು? ಚಿಕ್ಕ ಸಾಹೇಬ್ರು ಬರೋ ಹೊತ್ತು, ಬಾಯ್ಮುಚ್ಕೊಂಡು ಕೆಳಗಿಳಿ."

ಮಗಳು ಗಂಟೆಯ ಕೆಳಗೆ ಸ್ಟೂಲಿನ ಮೇಲೆ ಕೂತಿದ್ದಳು. "ಕಂಕುಳಲ್ಲಿ ಕಚ್ಚುತ್ತಮ್ಮ ಈ ಅಂಗಿ" ಎಂದು ನಕ್ಕಳು. "ನೀನು ಕೂತ್ಕೋ, ನಾನ್ ಹೋಗ್ತೀನಿ. ಮೆಟ್ಲು ತಾನೆ? ನಂಗೇನು ಮುದುಕಿ ಕಾಲಾ?"

"ನಗಬೇಡ. ಅಲ್ಲಾಡಬೇಡ" ಎಂದಳು ತಾಯಿ. ಗಂಟೆ ಬಾರಿಸಿತು.

ಅವಳು ಹತ್ತಿಬಂದಾಗ ಹಿರಿಯರ ಮೊಮ್ಮಗ, ಮೊದಲ ಸಲ ಚುನಾವಣೆಗೆ ನಿಂತವನು, ತಾತನ ಕುರ್ಚಿಯಲ್ಲಿ ಕೂತು ಕ್ಯಾಮೆರಾಗೆ ಹೇಳುತ್ತಿದ್ದ: "ತಾತ ಕೆಲಸದವರನ್ನ ಮನೆಯವರ ಥರಾನೇ ನೋಡ್ಕೊಂಡ್ರು. ಇವ್ರೇ ನೋಡಿ... ನಿಮ್ಮ ಹೆಸರೇನಮ್ಮ?"

"ಗಂಟೆಯಮ್ಮ ಅಂತೀವಿ ಸಾರ್" ಎಂದ ಮೇಲ್ವಿಚಾರಕ.

"ಚೆನ್ನಾಗಿದೆ!"

ಕ್ಯಾಮೆರಾದವನಿಗೆ ಬೆಳಕು ಸಾಲಲಿಲ್ಲ. ಅವಳು ಇಳಿದು ಮತ್ತೆ ಹತ್ತಿದಳು. ನಡುವೆ ಯಾರೋ ಕೆಮ್ಮಿದರು, ಮತ್ತೆ ಹತ್ತಿದಳು. ಈ ಸಲ ಮಂಡಿಯೊಳಗೆ ಏನೋ ಲಟಕ್ಕೆಂದು, ಹೊಸ್ತಿಲ ಮೇಲೇ ಕುಸಿದಳು.

"ಪಾಪ, ಸುಸ್ತಾಗಿದೆ" ಎಂದ ಮೊಮ್ಮಗ, ಮೆಲ್ಲಗೆ. "ಸ್ವಲ್ಪ ಚಿಕ್ಕೋರು ಯಾರೂ ಇಲ್ವಾ?"

"ಇವಳ ಮಗಳೇ ಇದಾಳೆ ಸಾರ್. ಎಳೀರಿ, ಹಾರ್ಕೊಂಡು ಬರ್ತಾಳೆ."

ಅವನ ಕೈ ಹಗ್ಗದತ್ತ ಚಾಚಿತು. ಗಂಟೆಯಮ್ಮ ಗೋಡೆ ಹಿಡಿದು ಎದ್ದಳು. ಕುಂಟುತ್ತ ಹೋಗಿ ಆ ಕೈಯನ್ನು ಪಕ್ಕಕ್ಕೆ ತಳ್ಳಿದಳು. ಹಗ್ಗವನ್ನು ಮುಷ್ಟಿಗೆ ಎರಡು ಸುತ್ತು ಸುತ್ತಿಕೊಂಡಳು.

"ಬಿಡೇ ಬೇವರ್ಸಿ ಮುಂಡೆ! ನೂರು ವರ್ಷದ್ದು ಕಣೇ ಅದು!" ಎಂದು ಮೇಲ್ವಿಚಾರಕ ಅರಚಿದ.

"ನಮ್ಮಮ್ಮನ ಕಾಲೂ ಇದರಲ್ಲೇ ಹೋಯ್ತು" ಎಂದವಳೇ ಇಡೀ ಮೈಭಾರ ಹಾಕಿ ಜೋತುಬಿದ್ದಳು. ಗಾರೆ ಸಿಡಿಯಿತು. ತಂತಿ ಗೋಡೆಯನ್ನು ಉದ್ದಕ್ಕೆ ಸೀಳಿಕೊಂಡು ಹೊರಬಂತು. ಮೊಮ್ಮಗನ ಬಿಳಿ ಅಂಗಿಯ ಮೇಲೆ ಸುಣ್ಣ ಸುರಿಯಿತು.

ಆದರೆ ಕಿತ್ತುಬರುವ ಮುನ್ನ ತಂತಿ ಒಮ್ಮೆ ಜಗ್ಗಿತ್ತು. ಕೆಳಗೆ ಗಂಟೆ ಹುಚ್ಚು ಹಿಡಿದಂತೆ ಬಾರಿಸಿ ನಿಂತಿತು.

ಮೆಟ್ಟಿಲ ಮೇಲೆ ದಡದಡ ಸದ್ದು. ಹುಡುಗಿ ಓಡಿಬಂದು ಕೈಕಟ್ಟಿ, ತಲೆ ತಗ್ಗಿಸಿ, "ಏನಪ್ಪಣೆ, ಧಣಿ?" ಎಂದಳು.

ಅವಳು ತಲೆಯೆತ್ತಿದಳು. ಹಗ್ಗ ಅಮ್ಮನ ಮುಷ್ಟಿಯಲ್ಲಿತ್ತು.

"ಆ ಬಟ್ಟೆ ಬಿಚ್ಚಿ ಬಿಸಾಕು, ಬಾ" ಎಂದಳು ತಾಯಿ.

ಹುಡುಗಿಯ ಕೈ ಕತ್ತಿನ ಗುಂಡಿಯವರೆಗೆ ಹೋಯಿತು. ಅಲ್ಲೇ ನಿಂತಿತು. ಅವಳು ಅಪ್ಪಣೆಗೆ ಕಾದಂತೆ ಕುರ್ಚಿಯಲ್ಲಿ ಕೂತವನ ಮುಖ ನೋಡಿದಳು.